ಬಾಗಿಲು ಕೇಳುವುದನ್ನು ಕಲಿತ ಕತೆ

"ಸರ, ಅಂವ ಕೆಲಸಾ ಬಿಟ್ಟು ಎರಡು ವರ್ಷ ಆತ್ರಿ. ಅಂವನ ಹೆಸರು ಇನ್ನೂ ಐತಿ ನೋಡ್ರಿ ಇದರಾಗ."

ಕೊಪ್ಪಳ ಜಿಲ್ಲೆಯ ಒಂದು ಕಾಲೇಜಿನಲ್ಲಿ, ಏಪ್ರಿಲ್ ಬಿಸಿಲಿನ ಮಧ್ಯಾಹ್ನ, ನನ್ನ ಲ್ಯಾಪ್‌ಟಾಪಿನ ಪರದೆಗೆ ಬೆರಳು ಹಚ್ಚಿ ಲ್ಯಾಬಿನ ಹಿರಿಯ ಸಹಾಯಕರು ಹೇಳಿದ ಮಾತಿದು. ನಾವು ನೋಡುತ್ತಿದ್ದದ್ದು ಒಂದು ನೆಟ್‌ವರ್ಕ್ ಸ್ವಿಚ್ಚಿನ ಒಳಗನ್ನು. ಕಟ್ಟಡದ ಕಂಪ್ಯೂಟರುಗಳ ತಂತಿಗಳೆಲ್ಲ ಬಂದು ಸೇರುವ, ಹಸಿರು ದೀಪಗಳು ಮಿನುಗುವ ಚಪ್ಪಟೆ ಪೆಟ್ಟಿಗೆ ಅದು. ಅದರೊಳಗೆ ಹೋಗಿ ಬದಲಾವಣೆ ಮಾಡುವ ಅಧಿಕಾರ ಯಾರ್‍ಯಾರಿಗಿದೆ ಎಂಬ ಪಟ್ಟಿ ಅದರ ನೆನಪಿನಲ್ಲೇ ಇರುತ್ತದೆ. ಆ ಪಟ್ಟಿಯಲ್ಲಿ ಬೇರೆ ಊರಿಗೆ ಹೋಗಿ ಬೇರೆ ಕೆಲಸ ಹಿಡಿದ ಹುಡುಗನ ಹೆಸರು, ಅವನ ಪಾಸ್‌ವರ್ಡಿನ ಸಮೇತ, ಹಾಗೇ ಕೂತಿತ್ತು.

ಅವನು ಒಳ್ಳೆಯ ಹುಡುಗ. ಅವನಿಂದ ಏನೂ ಕೆಡುಕಾಗಲಿಲ್ಲ. ಆದರೂ ಹೆಸರು ತೆಗೆಯಲೇಬೇಕಿತ್ತು. ಆ ಕಾಲೇಜಿನಲ್ಲಿ ಅಂಥ ಸ್ವಿಚ್ಚುಗಳು ಹದಿನಾಲ್ಕು. ಗ್ರಂಥಾಲಯದಲ್ಲೊಂದು, ಹಾಸ್ಟೆಲಿನಲ್ಲಿ ಮೂರು, ಕಚೇರಿಯಲ್ಲಿ ಎರಡು, ಹೀಗೆ. ಒಂದರಲ್ಲಿ ಅಳಿಸಿದರೆ ಇನ್ನೊಂದಕ್ಕೆ ಅದರ ಸುದ್ದಿಯೇ ಇರುವುದಿಲ್ಲ. ಹದಿನಾಲ್ಕಕ್ಕೂ ಹೋಗಬೇಕು, ಹದಿನಾಲ್ಕರಲ್ಲೂ ಅಳಿಸಬೇಕು. ಮುಂದಿನ ವರ್ಷ ಇನ್ನೊಬ್ಬರು ಬಿಟ್ಟರೆ ಮತ್ತೆ ಅದೇ ಸುತ್ತು.

ಕೊಪ್ಪಳದ ಮಂದಿಗೆ ಇದನ್ನು ಬಿಡಿಸಿ ಹೇಳಲು ದೂರ ಹೋಗಬೇಕಿಲ್ಲ. ಊರ ಮಗ್ಗುಲಿಗೆ ಗವಿಮಠದ ಬೆಟ್ಟದಲ್ಲೊಂದು, ಪಾಲ್ಕಿಗುಂಡಿನಲ್ಲೊಂದು ಅಶೋಕನ ಕಿರುಶಾಸನಗಳಿವೆ. ಅದೇ ಸಂದೇಶ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿದೆ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ. ಒಂದೇ ಮಾತು, ಊರೂರಿನ ಬಂಡೆಯ ಮೇಲೆ ಬೇರೆ ಬೇರೆಯಾಗಿ ಕೆತ್ತಿದ್ದು. ಅರಸನಿಗೆ ಅದರಲ್ಲೊಂದು ಪದ ಬದಲಿಸಬೇಕು ಅನ್ನಿಸಿದ್ದರೆ ಕಲ್ಲುಕುಟಿಗ ಪ್ರತಿ ಬೆಟ್ಟವನ್ನೂ ಮತ್ತೆ ಹತ್ತಬೇಕಾಗುತ್ತಿತ್ತು. ಸ್ವಿಚ್ಚಿನೊಳಗಿನ ಹೆಸರಿನ ಪಟ್ಟಿಯೂ ಬಂಡೆಯ ಮೇಲಿನ ಬರಹವೇ. ಶಾಸನಕ್ಕೆ ಅದು ಗುಣ, ಎರಡು ಸಾವಿರ ವರ್ಷ ದಾಟಿ ನಮ್ಮ ಕಣ್ಣಿಗೆ ಬಿದ್ದದ್ದು ಅದರಿಂದಲೇ. ಪಾಸ್‌ವರ್ಡಿಗೆ ಅದೇ ದೋಷ.

ಹಾಗಾದರೆ ಪೆಟ್ಟಿಗೆಯಲ್ಲಿ ಹೆಸರೇ ಇರದಂತೆ ಮಾಡಲು ಬರುವುದಿಲ್ಲವೇ? ಬಾಗಿಲು ತಾನೇ ತೀರ್ಮಾನ ಮಾಡುವ ಬದಲು, ಬಂದವರ ಹೆಸರನ್ನು ಒಳಗಿನ ಹಿರಿಯರಿಗೆ ಮುಟ್ಟಿಸಿ, ಅವರು "ಬಿಡು" ಅಂದರೆ ತೆರೆಯುವಂತೆ? ಇದು ಮೊದಲು ಹೊಳೆದದ್ದು ಸ್ವಿಚ್ಚುಗಳನ್ನು ಮಾಡುವವರಿಗಲ್ಲ, ಟೆಲಿಫೋನ್ ತಂತಿಯ ಮೇಲೆ ಕಂಪ್ಯೂಟರಿಗೆ ಕರೆ ಬರುತ್ತಿದ್ದ ಕಾಲದ ಮಂದಿಗೆ.

ಅಮೆರಿಕದ ಅರ್ಪಾನೆಟ್ ಜಾಲದಲ್ಲಿ ಮೊದಮೊದಲು ಫೋನ್ ನಂಬರು ಗೊತ್ತಿದ್ದರೆ ಸಾಕಿತ್ತು. ನಂಬರು ತಿರುಗಿಸಿದವರಿಗೆ ಜಾಲದ ಹೊಸ್ತಿಲು ಸಿಗುತ್ತಿತ್ತು, ಅಲ್ಲಿಂದ ಯಾವ ಕಂಪ್ಯೂಟರಿನ ಬಾಗಿಲನ್ನಾದರೂ ಬಡಿಯಬಹುದಿತ್ತು. 1983ರಲ್ಲಿ ಸೇನೆಯ ಭಾಗ ಮಿಲ್‌ನೆಟ್ ಎಂದು ಬೇರೆಯಾದ ಮೇಲೆ ಈ ಸಡಿಲು ನಡೆಯುವಂತಿರಲಿಲ್ಲ. ಬಿಬಿಎನ್ ಎಂಬ ಸಂಸ್ಥೆ ಫೋನ್ ಕರೆ ಹಿಡಿಯುವ ಪೆಟ್ಟಿಗೆಗಳಿಗೆ, ಅವುಗಳ ಹೆಸರು ಟ್ಯಾಕ್, ಒಂದು ಪರೀಕ್ಷೆಯ ಪದ್ಧತಿ ಕಟ್ಟಿತು. ಅದೇ ಟಕಾಕ್ಸ್. ಹೊಸ್ತಿಲಲ್ಲಿ ಒಮ್ಮೆ ಗುರುತು ತೋರಿಸಿದವರು ಒಳಗಿನ ಯಂತ್ರಕ್ಕೆ ಮತ್ತೆ ತೋರಿಸಬೇಕಿಲ್ಲ ಎಂಬ ಅನುಕೂಲವನ್ನು ಬ್ರಯಾನ್ ಆಂಡರ್ಸನ್ 1984ರ ಡಿಸೆಂಬರಿನಲ್ಲಿ ಬರೆದು ಪ್ರಕಟಿಸಿದರು. ಆ ಹೆಸರಿನ ಮೂರನೆಯ ತಲೆಮಾರು, ಟಕಾಕ್ಸ್ ಪ್ಲಸ್, ಇವತ್ತಿಗೂ ದೊಡ್ಡ ಸಂಸ್ಥೆಗಳ ಸ್ವಿಚ್ಚುಗಳಲ್ಲಿ ದುಡಿಯುತ್ತಿದೆ. ಒಬ್ಬರು ಯಾವ ಯಾವ ಆದೇಶ ಕೊಡಬಹುದು ಎಂದು ಒಂದೊಂದನ್ನೇ ಕೇಳಿ ತೀರ್ಮಾನಿಸುವ ಶಕ್ತಿ ಅದಕ್ಕಿದೆ.

ಆದರೆ ನಮ್ಮ ಹದಿನಾಲ್ಕು ಸ್ವಿಚ್ಚುಗಳ ಸಂಕಟಕ್ಕೆ ನೇರವಾಗಿ ಸೇರಿದ ಕತೆ ಮಿಶಿಗನ್ನಿನದು.

ಮೆರಿಟ್ ಎಂಬುದು ಮಿಶಿಗನ್ ರಾಜ್ಯದ ವಿಶ್ವವಿದ್ಯಾಲಯಗಳು ಸೇರಿ 1966ರಲ್ಲಿ ಕಟ್ಟಿಕೊಂಡ ಸಂಸ್ಥೆ. ತಮ್ಮ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿಕೊಳ್ಳುವುದು ಅದರ ಉದ್ದೇಶ. ಅದು ಎಷ್ಟು ನುರಿತಿತ್ತೆಂದರೆ 1987ರಲ್ಲಿ ದೇಶದ ವಿಜ್ಞಾನ ಪ್ರತಿಷ್ಠಾನದ ಬೆನ್ನೆಲುಬಿನ ಜಾಲ ಎನ್‌ಎಸ್‌ಎಫ್‌ನೆಟ್ಟನ್ನು ನಡೆಸುವ ಹೊಣೆಯೂ ಅದಕ್ಕೇ ಸಿಕ್ಕಿತು. ರಾಜ್ಯದ ತುಂಬ ಊರೂರಲ್ಲಿ ಮೋಡೆಮ್‌ಗಳನ್ನಿಟ್ಟು, ಅಧ್ಯಾಪಕರೂ ವಿದ್ಯಾರ್ಥಿಗಳೂ ಮನೆಯಿಂದ ಫೋನ್ ಮಾಡಿ ಜಾಲ ಸೇರುವ ವ್ಯವಸ್ಥೆ ಅದರ ಕೈಯಲ್ಲಿತ್ತು. ಒಳಗೆಲ್ಲ ಅವರೇ ಬರೆದುಕೊಂಡ ಸ್ವಂತ ಪದ್ಧತಿ. ಇಂಟರ್ನೆಟ್ಟಿನ ಸಾಮಾನ್ಯ ಭಾಷೆಗೆ ಬರಬೇಕಾದಾಗ ಆ ಮನೆಮಾತು ನಡೆಯದೆ ಹೋಯಿತು. ಹೊರಗಿನ ಕಂಪನಿಗಳಿಂದ ಪೆಟ್ಟಿಗೆ ಕೊಳ್ಳಬೇಕು, ಆದರೆ ಯಾವ ಪೆಟ್ಟಿಗೆಯೂ ಊರೂರಿನ ಹೆಸರಿನ ಪಟ್ಟಿಯನ್ನು ಹೊತ್ತು ಕೂರಬಾರದು.

1991ರಲ್ಲಿ ಮೆರಿಟ್ ತನ್ನ ಬೇಡಿಕೆಯನ್ನು ಬರೆದು ಹೊರಗಿಟ್ಟಿತು. ಕ್ಯಾಲಿಫೋರ್ನಿಯಾದ ಲಿವಿಂಗ್‌ಸ್ಟನ್ ಎಂಬ ಕಂಪನಿಯ ಸ್ಟೀವ್ ವಿಲೆನ್ಸ್ ಅದಕ್ಕೆ ಉತ್ತರ ಬರೆದರು. ಆ ಉತ್ತರದಲ್ಲೊಂದು ಹೊಸ ಪದ್ಧತಿಯ ವಿವರವಿತ್ತು, ಅದರ ಹೆಸರು ರೇಡಿಯಸ್. ಮೆರಿಟ್‌ನ ಜಾನ್ ವೋಲ್‌ಬ್ರೆಕ್ಟ್‌ಗೆ ತಾವು ಹುಡುಕುತ್ತಿದ್ದದ್ದು ಅದರಲ್ಲಿ ಕಂಡಿತು. ಲಿವಿಂಗ್‌ಸ್ಟನ್ನಿನ ಕಾರ್ಲ್ ರಿಗ್ನಿ ಅದನ್ನು ಬೆಳೆಸಿದರು. ಒಂದು ರಾಜ್ಯದ ವಿಶ್ವವಿದ್ಯಾಲಯಗಳ ಬೇಡಿಕೆಗೆ ಬಂದ ಒಂದು ಉತ್ತರ ಇವತ್ತು ಜಗತ್ತಿನ ಎಲ್ಲ ಕಡೆ ಬಾಗಿಲು ಕಾಯುತ್ತಿದೆ ಎಂದು ನೆನೆದರೆ ನನಗೆ ಈಗಲೂ ಬೆರಗು.

ಅದರ ಸರಳತೆಯೇ ಅದರ ಚೆಲುವು. ಬಾಗಿಲ ಪೆಟ್ಟಿಗೆ ಸರ್ವರಿಗೆ, ಅಂದರೆ ಎಲ್ಲರ ಹೆಸರೂ ಇರುವ ಕಂಪ್ಯೂಟರಿಗೆ, ಒಂದು ಚೀಟಿ ಕಳಿಸುತ್ತದೆ: ಇಂಥವರು ಬಂದಿದ್ದಾರೆ, ಅವರ ಪಾಸ್‌ವರ್ಡ್ ಇದು, ನಾನು ಇಂಥ ಪೆಟ್ಟಿಗೆ. ಸರ್ವರಿನಿಂದ ಬರುವ ಉತ್ತರ ಮೂರೇ ಬಗೆ. ಬಿಡು, ಬಿಡಬೇಡ, ಇನ್ನೊಂದು ಪ್ರಶ್ನೆ ಕೇಳು. "ಬಿಡು" ಎಂಬುದರ ಜೊತೆಗೆ ಯಾವ ಕೋಣೆಯವರೆಗೆ ಬಿಡಬೇಕೆಂಬ ಸೂಚನೆಯನ್ನೂ ಸೇರಿಸಬಹುದು. ಪಾಸ್‌ವರ್ಡು ದಾರಿಯಲ್ಲಿ ಯಾರ ಕಣ್ಣಿಗೂ ಬೀಳದಿರಲೆಂದು ಪೆಟ್ಟಿಗೆಗೂ ಸರ್ವರಿಗೂ ಮಾತ್ರ ತಿಳಿದ ಒಂದು ಗುಟ್ಟಿನ ಪದವಿರುತ್ತದೆ. ಆ ಪದವನ್ನೂ ಪ್ರತಿ ಚೀಟಿಗೆ ಹೊಸದಾಗಿ ಆರಿಸಿದ 16 ಬೈಟುಗಳ ಒಂದು ಸಂಖ್ಯೆಯನ್ನೂ ಎಂಡಿ5 ಎಂಬ ಗಣಿತದ ಗಾಣದಲ್ಲಿ ಹಾಕಿ, ಬಂದದ್ದರಿಂದ ಪಾಸ್‌ವರ್ಡನ್ನು ಮುಚ್ಚುತ್ತಾರೆ.

ಇಂಟರ್ನೆಟ್ಟಿನ ಮಾನದಂಡಗಳನ್ನು ಕೂಡಿ ಬರೆಯುವ ಮಂದಿ ಇದನ್ನು ಒಪ್ಪಿ ದಾಖಲೆಯಾಗಿ ಪ್ರಕಟಿಸಲು 1997ರ ಜನವರಿ ಬರಬೇಕಾಯಿತು. ರಿಗ್ನಿ, ರೂಬೆನ್ಸ್, ಸಿಂಪ್ಸನ್, ವಿಲೆನ್ಸ್ ಎಂಬ ನಾಲ್ವರ ಹೆಸರು ಅದರ ಮೇಲಿದೆ. ಇವತ್ತು ಎಲ್ಲರೂ ಆಧಾರವಾಗಿ ಹಿಡಿಯುವ ಪಾಠ 2000ದ ಜೂನಿನದು. ಅಷ್ಟರೊಳಗೆ ಲಿವಿಂಗ್‌ಸ್ಟನ್ ತನ್ನ ಸರ್ವರಿನ ಮೂಲ ಬರಹವನ್ನೇ ಹೊರಗೆ ಬಿಟ್ಟುಕೊಟ್ಟಿತ್ತು. ಈ ಪದ್ಧತಿ ಹರಡಿದ್ದಕ್ಕೆ ಈ ಉದಾರತೆ ದೊಡ್ಡ ಕಾರಣವೆಂದೇ ನನ್ನ ಎಣಿಕೆ. ಅದೇ ಬಿತ್ತನೆಯ ಮುಂದಿನ ಬೆಳೆ 1999ರಲ್ಲಿ ಶುರುವಾದ ಫ್ರೀರೇಡಿಯಸ್. ಆ ಕೊಪ್ಪಳದ ಕಾಲೇಜಿನ ಹಳೆಯ ಕಂಪ್ಯೂಟರಿನ ಮೇಲೆ ನಾವು ಒಂದು ರೂಪಾಯಿ ಖರ್ಚಿಲ್ಲದೆ ಹಾಕಿಕೊಂಡದ್ದು ಅದನ್ನೇ.

ಸರ್ವರ್ ಹಾಕುವುದು ಅರ್ಧ ದಿನದ ಕೆಲಸವಾಯಿತು. ಸ್ವಿಚ್ಚಿಗೆ ಹೇಳಬೇಕಾದದ್ದೂ ನಾಲ್ಕೈದು ಸಾಲು: ಸರ್ವರಿನ ವಿಳಾಸ, ಅದರ ಪೋರ್ಟ್ ಸಂಖ್ಯೆ (ಚೀಟಿ ಆ ಕಂಪ್ಯೂಟರಿನ ಯಾವ ಸೇವೆಗೆ ಎಂದು ತಿಳಿಸುವುದು), ಗುಟ್ಟಿನ ಪದ, ಎಷ್ಟು ಹೊತ್ತು ಕಾಯಬೇಕು, ಯಾರನ್ನು ಮೊದಲು ಕೇಳಬೇಕು. ಎಲ್ಲ ಬರೆದು ಹೊಸ ಹೆಸರಿನಿಂದ ಒಳಗೆ ಹೋಗಲು ನೋಡಿದರೆ ಸ್ವಿಚ್ಚು ಸುಮ್ಮನೆ ನಿಂತಿತು. ಬೇಡ ಅನ್ನಲಿಲ್ಲ, ಹೂಂ ಅನ್ನಲಿಲ್ಲ. ಕೊನೆಗೆ "ಸರ್ವರಿನಿಂದ ಉತ್ತರ ಬರಲಿಲ್ಲ" ಎಂದಷ್ಟೇ ಬಂತು.

ಎರಡು ದಿನ ನಾವು ಆ ಮೌನದ ಬೆನ್ನು ಹತ್ತಿದೆವು.

ಮೊದಲನೆಯ ಕಾರಣ ಹಳೆಯ ಕಾಲದ್ದು. ರೇಡಿಯಸ್ ಹುಟ್ಟಿದಾಗ ಅದು 1645 ಎಂಬ ಪೋರ್ಟ್ ಬಳಸುತ್ತಿತ್ತು. ಆ ಸಂಖ್ಯೆ ಆಗಲೇ ಬೇರೊಂದು ಸೇವೆಯ ಹೆಸರಿಗೆ ದಾಖಲಾಗಿತ್ತು. ಹೀಗಾಗಿ ಮಾನದಂಡ ಬರೆದಾಗ 1812 ಎಂದು ಬದಲಿಸಿದರು, ಲೆಕ್ಕ ಇಡುವುದಕ್ಕೆ 1813. ಕೆಲವು ಸ್ವಿಚ್ಚುಗಳು ಮಾತ್ರ, ಬೇರೆ ಹೇಳದಿದ್ದರೆ, ಇವತ್ತಿಗೂ 1645ಕ್ಕೇ ಚೀಟಿ ಹಾಕುತ್ತವೆ. ನಮ್ಮದರಲ್ಲಿ ಆದದ್ದು ಅದೇ. ಮನೆ ಬದಲಿಸಿದವರ ಹಳೆಯ ವಿಳಾಸಕ್ಕೆ ಪತ್ರ ಹೋಗುತ್ತಿತ್ತು. ಸಂಖ್ಯೆ ತಿದ್ದಿದೆವು. ಮತ್ತೆ ಮೌನ.

ಎರಡನೆಯದನ್ನು ಹುಡುಕಲು ಸರ್ವರನ್ನು ಪ್ರತಿ ಹೆಜ್ಜೆಯನ್ನೂ ಪರದೆಗೆ ಬರೆಯುವ ಸ್ಥಿತಿಯಲ್ಲಿ ಓಡಿಸಬೇಕಾಯಿತು. ಚೀಟಿ ಬರುತ್ತಿತ್ತು. ಗುರುತಿಲ್ಲದವರು ಕಳಿಸಿದ್ದು ಎಂದು ಸರ್ವರ್ ಅದನ್ನು ಮಾತಿಲ್ಲದೆ ಎಸೆಯುತ್ತಿತ್ತು. ಅದು ಸರ್ವರಿನ ತಪ್ಪಲ್ಲ. ತನ್ನ ಪಟ್ಟಿಯಲ್ಲಿಲ್ಲದ ಪೆಟ್ಟಿಗೆಗೆ ಉತ್ತರ ಕೊಡಲೇಬಾರದು ಎಂದು ಮಾನದಂಡವೇ ಹೇಳುತ್ತದೆ. ಸ್ವಿಚ್ಚಿಗೆ ಎರಡು ಐಪಿ ವಿಳಾಸಗಳಿದ್ದವು. ಒಂದು ಕಚೇರಿಯ ಜಾಲದ್ದು, ಒಂದು ಹಾಸ್ಟೆಲಿನದು. ನಾವು ಸರ್ವರಿನಲ್ಲಿ ಬರೆದದ್ದು ಮೊದಲನೆಯದು, ಚೀಟಿ ಹೊರಡುತ್ತಿದ್ದದ್ದು ಎರಡನೆಯದರಿಂದ.

ಸಹಾಯಕರಿಗೆ ಇದನ್ನು ಹೇಳಿದಾಗ ಅವರು ತಟ್ಟನೆ ಅಂದರು: "ಪಹಣ್ಯಾಗ ಒಂದು ಹೆಸರು, ಆಧಾರದಾಗ ಒಂದು ಹೆಸರು ಇದ್ದಂಗಾತು ಬಿಡ್ರಿ ಸರ. ಬೆಳೆ ಪರಿಹಾರ ಹೆಂಗ ಬರ್ತೈತಿ?"

ಇದಕ್ಕಿಂತ ಚೆನ್ನಾಗಿ ಇದನ್ನು ಹೇಳಿದವರನ್ನು ನಾನು ಕಂಡಿಲ್ಲ. ಮನುಷ್ಯ ಒಬ್ಬನೇ, ಹೊಲ ಅದೇ, ಆದರೂ ಎರಡು ಕಾಗದಗಳು ಒಂದಕ್ಕೊಂದು ಹೊಂದದಿದ್ದರೆ ಕೆಲಸ ನಿಲ್ಲುತ್ತದೆ. ಇಂಥ ವಿಳಾಸದಿಂದಲೇ ಕೇಳು ಎಂದು ಸ್ವಿಚ್ಚಿಗೆ ಒಂದು ಸಾಲು ಬರೆದೆವು.

ಆಮೇಲೂ ಸ್ವಿಚ್ಚಿನ ಪರದೆಯಲ್ಲಿ ಅದೇ ವಾಕ್ಯ: ಉತ್ತರ ಬರಲಿಲ್ಲ. ಆದರೆ ಸರ್ವರಿನ ಪರದೆಯಲ್ಲಿ ಈಗ ಬೇರೆ ಚಿತ್ರ. ಚೀಟಿ ಬಂದಿದೆ, ಬಿಚ್ಚಿ ನೋಡಿದರೆ ಪಾಸ್‌ವರ್ಡಿನ ಜಾಗದಲ್ಲಿ ಓದಲಾಗದ ಗೀಚು, ಆದ್ದರಿಂದ "ಬಿಡಬೇಡ" ಎಂಬ ಉತ್ತರವೂ ಹೋಗಿದೆ. ಹೋದ ಉತ್ತರ ಎಲ್ಲಿ? ಸ್ವಿಚ್ಚು ಅದನ್ನು ಪಡೆದಿತ್ತು. ಅದರ ಮೇಲಿನ ಮುದ್ರೆ ತನ್ನ ಗುಟ್ಟಿನ ಪದಕ್ಕೆ ತಾಳೆಯಾಗದ್ದರಿಂದ ಅದೂ ಮಾತಿಲ್ಲದೆ ಎಸೆದಿತ್ತು. ಗುಟ್ಟಿನ ಪದವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡಿ ಅಂಟಿಸುವಾಗ ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿಕೊಂಡಿತ್ತು. ಕಣ್ಣಿಗೆ ಕಾಣದ ಒಂದು ಅಕ್ಷರ.

ಪೋರ್ಟು ತಪ್ಪು, ವಿಳಾಸ ತಪ್ಪು, ಗುಟ್ಟು ತಪ್ಪು. ಮೂರೂ ಬೇರೆ ಬೇರೆ, ಸ್ವಿಚ್ಚಿನ ಕಡೆಯಿಂದ ನೋಡಿದರೆ ಮೂರಕ್ಕೂ ಒಂದೇ ಮುಖ. ನನ್ನ ಮಟ್ಟಿಗೆ ಆ ಎರಡು ದಿನಗಳ ಆವಿಷ್ಕಾರ ಇದು. ಈ ಪದ್ಧತಿಯಲ್ಲಿ ಅಪರಿಚಿತರಿಗೆ ತಪ್ಪನ್ನು ವಿವರಿಸುವ ಅಭ್ಯಾಸವಿಲ್ಲ. ವಿವರಿಸಿದರೆ ಕಳ್ಳನಿಗೂ ವಿವರಿಸಿದಂತೆ. ಹಾಗಾಗಿ ಹುಡುಕುವವರು ಯಾವಾಗಲೂ ಸರ್ವರಿನ ಕಡೆ ಹೋಗಿ ಕೂರಬೇಕು. ಸ್ವಿಚ್ಚಿನ ಎದುರು ಎಷ್ಟು ಹೊತ್ತು ಕೂತರೂ ಅದು ಬಾಯಿ ಬಿಡುವುದಿಲ್ಲ.

ಖಾಲಿ ಜಾಗ ಅಳಿಸಿದ ಮರುಕ್ಷಣ ಬಾಗಿಲು ತೆರೆಯಿತು.

ಉಳಿದದ್ದು ಒಂದು ಭಯ. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟು ಹೋಗುವುದು ಹೊಸದಲ್ಲ. ಯುಪಿಎಸ್ ಬ್ಯಾಟರಿ ಕೈಕೊಟ್ಟು ಸರ್ವರ್ ಮಲಗಿದರೆ ಹದಿನಾಲ್ಕೂ ಬಾಗಿಲು ನಮಗೇ ಮುಚ್ಚಿಬಿಡುವುದಿಲ್ಲವೇ? ಅದಕ್ಕೆಂದೇ ಪ್ರತಿ ಸ್ವಿಚ್ಚಿನೊಳಗೆ ಒಂದೇ ಒಂದು ಹೆಸರನ್ನು ಉಳಿಸಬೇಕು, ಅದರ ಪಾಸ್‌ವರ್ಡನ್ನು ಲಕೋಟೆಯಲ್ಲಿ ಹಾಕಿ ಪ್ರಾಂಶುಪಾಲರ ಕಪಾಟಿನಲ್ಲಿಡಬೇಕು. ನಮ್ಮ ಸ್ವಿಚ್ಚುಗಳಿಗೆ ಹೇಳಿದ ಕ್ರಮ ಇದು: ಮೊದಲು ಸರ್ವರನ್ನು ಕೇಳು, ಸರ್ವರ್ ಮಾತೇ ಆಡದಿದ್ದರೆ ಮಾತ್ರ ನಿನ್ನಲ್ಲಿರುವ ಹೆಸರನ್ನು ನೋಡು. "ಬಿಡಬೇಡ" ಎಂದು ಸರ್ವರ್ ಹೇಳಿದರೆ ಅದೇ ಕೊನೆಯ ಮಾತು, ಅಲ್ಲಿಂದ ಮುಂದೆ ಒಳಗಿನ ಹೆಸರಿಗೆ ಬೆಲೆಯಿಲ್ಲ. ನಿರಾಕರಣೆ ಬೇರೆ, ಮೌನ ಬೇರೆ. ಈ ಎರಡರ ವ್ಯತ್ಯಾಸವನ್ನು ಕೈಯಾರೆ ನೋಡಲು ಸರ್ವರಿನ ಕೇಬಲ್ ಕಿತ್ತು ನಿಂತೆವು. 5 ಸೆಕೆಂಡಿಗೊಮ್ಮೆ ಮೂರು ಸಲ ಕೇಳಿ, 15 ಸೆಕೆಂಡು ಕಳೆದ ಮೇಲೆ ಸ್ವಿಚ್ಚು ಲಕೋಟೆಯ ಪಾಸ್‌ವರ್ಡನ್ನು ಒಪ್ಪಿತು. ಕೇಬಲ್ ಮತ್ತೆ ಚುಚ್ಚಿ ಅದೇ ಪಾಸ್‌ವರ್ಡ್ ಹಾಕಿದರೆ ಒಪ್ಪಲಿಲ್ಲ. ಎರಡೂ ಆಗಬೇಕಾದಂತೆಯೇ ಆದವು.

ರೇಡಿಯಸ್ ಬರೆದವರಿಗೂ ಈ ಭಯವಿತ್ತು. ರೇಡಿಯಸ್ ಚೀಟಿಗಳು ಯುಡಿಪಿ ಎಂಬ, ತಲುಪಿತೋ ಇಲ್ಲವೋ ಎಂಬ ಖಾತರಿ ಕೊಡದ ದಾರಿಯಲ್ಲಿ ಏಕೆ ಹೋಗುತ್ತವೆ ಎಂಬುದಕ್ಕೆ 2000ದ ದಾಖಲೆಯಲ್ಲಿ ಒಂದು ಇಡೀ ಭಾಗವೇ ಇದೆ. ಬಾಗಿಲಲ್ಲಿ ನಿಂತವರು ಕೆಲವು ಸೆಕೆಂಡು ಕಾಯುತ್ತಾರೆ, ನಿಮಿಷಗಟ್ಟಲೆ ಕಾಯುವುದಿಲ್ಲ. ಒಂದು ಸರ್ವರ್ ಮಾತಾಡದಿದ್ದರೆ ಬೇಗ ಇನ್ನೊಂದರ ಕಡೆ ತಿರುಗುವುದು ಪೆಟ್ಟಿಗೆಯ ಕೈಯಲ್ಲೇ ಇರಬೇಕು. ಮನುಷ್ಯರ ತಾಳ್ಮೆಯನ್ನು ಲೆಕ್ಕಕ್ಕೆ ಹಿಡಿದು ಬರೆದ ತಾಂತ್ರಿಕ ದಾಖಲೆ ಎಂದು ನನಗೆ ಅದರ ಮೇಲೆ ಗೌರವ.

ಫೋನ್ ಮೋಡೆಮ್‌ಗಳು ಹೋದ ಮೇಲೂ ಈ ಪದ್ಧತಿ ಹೋಗದಿದ್ದುದಕ್ಕೆ ಕಾರಣ 2001ರಲ್ಲಿ ಬಂದ 802.1ಎಕ್ಸ್ ಎಂಬ ಮಾನದಂಡ. ಸ್ವಿಚ್ಚನ್ನು ನೋಡಿಕೊಳ್ಳುವವರ ಜೊತೆಗೆ, ಅದಕ್ಕೆ ತಂತಿ ಚುಚ್ಚುವ ಪ್ರತಿಯೊಬ್ಬರನ್ನೂ ಸರ್ವರಿನಲ್ಲಿ ಕೇಳಿ ಒಳಬಿಡುವ ಏರ್ಪಾಡು ಅದು. ವೈಫೈಗೂ ಅದೇ ಆಧಾರವಾಯಿತು. ನೆದರ್ಲೆಂಡ್ಸಿನ ಕ್ಲಾಸ್ ವೀರೆಂಗಾ ಅದನ್ನೇ ಹಿಡಿದು, ಒಂದು ವಿಶ್ವವಿದ್ಯಾಲಯದ ಸರ್ವರ್ ಇನ್ನೊಂದನ್ನು ಕೇಳುವಂತೆ ಸರಪಳಿ ಮಾಡಿ, ಎಡುರೋಮ್ ಎಂಬ ವ್ಯವಸ್ಥೆಗೆ ದಾರಿ ತೆರೆದರು. ಭಾರತದಲ್ಲಿ ಅದನ್ನು ನಡೆಸುವುದು ಅರ್ನೆಟ್ ಸಂಸ್ಥೆ.

ಯಾರೆಂದು ಗುರುತಿಸುವುದು, ಎಲ್ಲಿಯವರೆಗೆ ಬಿಡಬೇಕೆಂದು ಹೇಳುವುದು, ಇವೆರಡರ ಜೊತೆಗೆ ರೇಡಿಯಸ್ಸಿನ ಮೂರನೆಯ ಕೆಲಸ ಲೆಕ್ಕ ಇಡುವುದು: ಯಾರು, ಯಾವಾಗ ಬಂದರು, ಯಾವಾಗ ಹೋದರು. ಇದರ ಬೆಲೆ ನಮ್ಮ ಜಿಲ್ಲೆಗೆ ಬೇರೊಂದು ಬಾಗಿಲಿನಿಂದ ಮೊದಲೇ ತಿಳಿದಿತ್ತು. 1998ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾದಾಗ ಇದ್ದದ್ದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕು. ಅದಾದ ಕೆಲವೇ ವರ್ಷಗಳಲ್ಲಿ ಆ ತಾಲ್ಲೂಕು ಕಚೇರಿಗಳಿಗೆ ಭೂಮಿ ಯೋಜನೆ ಬಂತು. ರಾಜ್ಯದ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಅದರ ಬಗ್ಗೆ ಮಾತಾಡುವವರೆಲ್ಲ ಗಣಕೀಕೃತ ಪಹಣಿಯ ಬಗ್ಗೆ ಹೇಳುತ್ತಾರೆ. ನನ್ನ ಮನಸ್ಸಿನಲ್ಲಿ ನಿಂತದ್ದು ಇನ್ನೊಂದು ಸಂಗತಿ: ಆ ವ್ಯವಸ್ಥೆಯೊಳಗೆ ಹೋಗುವ ಅಧಿಕಾರಿ ಪಾಸ್‌ವರ್ಡಿನ ಮೇಲೆ ನಿಲ್ಲದೆ ಬೆರಳಚ್ಚು ಕೊಡಬೇಕಿತ್ತು, ಮಾಡಿದ ಪ್ರತಿ ಬದಲಾವಣೆ ಅವರ ಗುರುತಿನ ಜೊತೆ ದಾಖಲಾಗುತ್ತಿತ್ತು. ರೈತನ ಹೊಲದ ಹೆಸರು ಬದಲಾದರೆ ಬದಲಿಸಿದ ಬೆರಳು ಯಾವುದೆಂದು ತಿಳಿಯುತ್ತಿತ್ತು. ನಾಲ್ಕು ಜನ ಒಂದೇ ಪಾಸ್‌ವರ್ಡ್ ಹಂಚಿಕೊಂಡು ಸ್ವಿಚ್ಚಿಗೆ ಹೋಗುವ ಕಡೆ ಇದು ಎಂದಿಗೂ ಸಾಧ್ಯವಿಲ್ಲ.

ಈ ಕತೆಗೆ ಇತ್ತೀಚಿನ ಒಂದು ಅಧ್ಯಾಯವಿದೆ, ಅದನ್ನು ಹೇಳದೆ ಬಿಡುವಂತಿಲ್ಲ. ಪಾಸ್‌ವರ್ಡನ್ನು ಮುಚ್ಚುವ ಗಾಣ ಎಂದೆನಲ್ಲ, ಆ ಎಂಡಿ5ಅನ್ನು ರಾನ್ ರಿವೆಸ್ಟ್ ಪ್ರಕಟಿಸಿದ್ದು 1992ರಲ್ಲಿ. ಎರಡು ಬೇರೆ ಕಾಳುಗಳಿಂದ ಒಂದೇ ಎಣ್ಣೆ ಬರುವಂತೆ ಮಾಡಬಹುದೆಂದು ಚೀನಾದ ಗಣಿತಜ್ಞೆ ವಾಂಗ್ ಶಿಯಾವ್‌ಯುನ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. ಇಪ್ಪತ್ತು ವರ್ಷಗಳ ನಂತರ, 2024ರ ಜುಲೈನಲ್ಲಿ, ನಾಡಿಯಾ ಹೆನಿಂಗರ್, ಶರೋನ್ ಗೋಲ್ಡ್‌ಬರ್ಗ್, ಮಾರ್ಕ್ ಸ್ಟೀವನ್ಸ್ ಮೊದಲಾದ ಸಂಶೋಧಕರು ಅದೇ ಬಿರುಕನ್ನು ರೇಡಿಯಸ್ಸಿನಲ್ಲಿ ಬಳಸಿ ತೋರಿಸಿದರು. ದಾರಿಯ ನಡುವೆ ಕೂತವನು ಗುಟ್ಟಿನ ಪದ ತಿಳಿಯದೆಯೇ "ಬಿಡಬೇಡ" ಎಂಬ ಉತ್ತರವನ್ನು "ಬಿಡು" ಎಂದು ತಿದ್ದಬಹುದಿತ್ತು. ಅದಕ್ಕೆ ಬ್ಲಾಸ್ಟ್‌ರೇಡಿಯಸ್ ಎಂದು ಹೆಸರಿಟ್ಟರು. ಔಷಧಿ ಹೊಸದೇನಲ್ಲ. ಚೀಟಿಗೆ ಇನ್ನೊಂದು ಗಟ್ಟಿ ಮುದ್ರೆ ಹಾಕುವ ಏರ್ಪಾಡು 2000ದಲ್ಲೇ ಬರೆದಿಟ್ಟಿದ್ದರು, ಸಾದಾ ಪಾಸ್‌ವರ್ಡ್ ಚೀಟಿಗಳಿಗೆ ಕಡ್ಡಾಯ ಮಾಡಿರಲಿಲ್ಲ, ಅಷ್ಟೇ. ಸುದ್ದಿ ಬಂದ ಮೇಲೆ ಕಾಲೇಜಿಗೆ ಹೋಗಿ ಸರ್ವರಿನಲ್ಲಿ ಆ ಮುದ್ರೆಯನ್ನು ಕಡ್ಡಾಯ ಮಾಡಿ, ಸ್ವಿಚ್ಚುಗಳ ತಂತ್ರಾಂಶ ಹೊಸದು ಮಾಡಿ ಬಂದೆ. ಸರ್ವರಿನ ಜೊತೆ ಮಾತಾಡುವ ಜಾಲವನ್ನು ಹಾಸ್ಟೆಲಿನ ಜಾಲದಿಂದ ಬೇರೆ ಮಾಡಿದ್ದು ಆಗಲೇ. ಮೊದಲೇ ಮಾಡಬೇಕಿತ್ತು.

ಹೋದ ವರ್ಷ ಆ ಕಾಲೇಜಿನಿಂದ ಇನ್ನೊಬ್ಬ ಹುಡುಗಿ ಕೆಲಸ ಬಿಟ್ಟು ಹೋದಳು, ಒಳ್ಳೆಯ ಕಡೆಗೇ. ಸಹಾಯಕರು ಸಂಜೆ ಫೋನ್ ಮಾಡಿದ್ದರು: "ಸರ, ಹೆಸರು ತಗದೀನ್ರಿ. ಒಂದ ಕಡೆ. ಹದಿನಾಲ್ಕೂ ನೋಡಿ ಬಂದೆ, ಎಲ್ಲೂ ಬಿಡಲಿಲ್ಲರಿ."

ಗಂಗಾವತಿಯ ಅಕ್ಕಿ ಗಿರಣಿಯಲ್ಲೋ, ಕುಷ್ಟಗಿಯ ಆಸ್ಪತ್ರೆಯಲ್ಲೋ, ಯಲಬುರ್ಗಾದ ಶಾಲೆಯಲ್ಲೋ ಅಂಥದೊಂದು ಪೆಟ್ಟಿಗೆಯ ಹೊಣೆ ನಿಮ್ಮ ಮೇಲಿದ್ದರೆ, ಈ ವಾರ ಒಮ್ಮೆ ಒಳಗೆ ಹೋಗಿ ಹೆಸರಿನ ಪಟ್ಟಿ ತೆರೆದು ನೋಡಿ. ಅದರಲ್ಲಿ ಈಗ ನಿಮ್ಮ ಜೊತೆ ಕೆಲಸ ಮಾಡದವರ ಹೆಸರಿದ್ದರೆ, ಸರ್ವರ್ ಹಾಕುವುದು ಆಮೇಲೆ ಇರಲಿ, ಮೊದಲು ಅದನ್ನು ಅಳಿಸಿ.